ಗೇಮಿಂಗ್ ಕಂಪ್ಯೂಟರ್ ಕಟ್ಟಿಸಲು ಹೊರಟ ತಮ್ಮಂದಿರಿಗೆ, ತಂಗಿಯರಿಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲೂಕುಗಳಲ್ಲಿ ಪಿಯುಸಿ, ಡಿಪ್ಲೊಮಾ, ಡಿಗ್ರಿ ಓದುತ್ತ, ಮೊದಲ ಸಲ ಸ್ವಂತ ಕಂಪ್ಯೂಟರ್ ಕಟ್ಟಿಸಲು ಹಣ ಕೂಡಿಸುತ್ತಿರುವ ಪ್ರೀತಿಯ ತಮ್ಮಂದಿರೇ, ತಂಗಿಯರೇ,



ಮೆಕ್ಕೆಜೋಳ, ಶೇಂಗಾ ಮಾರಿದ ದುಡ್ಡು ಮನೆಗೆ ಬರುವ ದಿನಗಳಲ್ಲಿ ನನ್ನ ರಿಪೇರಿ ಮೇಜಿಗೆ ಹೊಸ ಕಂಪ್ಯೂಟರ್‌ಗಳು ಬರುತ್ತವೆ. ಹಳೆಯವು ಕೆಟ್ಟು ಬಂದರೆ ನನಗೆ ಬೇಸರವಿಲ್ಲ, ಅದು ನನ್ನ ಕಸುಬು. ಮೊನ್ನೆಯಷ್ಟೇ ಕೊಂಡದ್ದು, ಇನ್ನೂ ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿಲ್ಲದ್ದು, ಆಡಬೇಕೆಂದ ಆಟವನ್ನೇ ಆಡಿಸಲಾರದೆ ಬಂದಾಗ ಮಾತ್ರ ಸಂಕಟವಾಗುತ್ತದೆ. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ ಹುಡುಗನ ಮುಖ ನೋಡುವುದು ಕಷ್ಟ. ಹಿಂದೆ ನಿಂತ ಅಪ್ಪನ ಮುಖ ನೋಡುವುದು ಇನ್ನೂ ಕಷ್ಟ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ. ನಿಮ್ಮ ಹಣ ಕಣ್ಣಿಗೆ ಕಾಣುವ ಬಣ್ಣದ ದೀಪಗಳಿಗೆ, ಬಾಯಲ್ಲಿ ಹೇಳಲು ಜೋರಾಗಿರುವ ಹೆಸರುಗಳಿಗೆ ಹೋಗಿ, ಕಂಪ್ಯೂಟರ್ ಬಾಳಿಕೆ ಬರುವ ಜಾಗಕ್ಕೆ ಹೋಗದೆ ಉಳಿಯುತ್ತಿದೆ. ಕೊಳ್ಳುವ ಮೊದಲು ಸ್ವಲ್ಪ ಹೊತ್ತು ನನ್ನ ಮಾತು ಕೇಳಿ.

ಹರಪನಹಳ್ಳಿ ಕಡೆಯ ಒಬ್ಬ ಹುಡುಗ ತಂದ ಕಂಪ್ಯೂಟರಿನ ವಿಷಯ ಹೇಳುತ್ತೇನೆ. ದೊಡ್ಡ ಊರಿನ ಒಂದು ಅಂಗಡಿಯಲ್ಲಿ ಅವನಿಗೆ ಕೊಟ್ಟ ಚೀಟಿಯಲ್ಲಿ ಒಂದೇ ಸಾಲು: "ಐ7 ಗೇಮಿಂಗ್ ಪಿಸಿ, 16 ಜಿಬಿ, 4 ಜಿಬಿ ಗ್ರಾಫಿಕ್ಸ್." ಮುಂದೆ ಗಾಜು, ಒಳಗೆ ಕೆಂಪು ಹಸಿರು ದೀಪ. ಬಿಚ್ಚಿ ನೋಡಿದರೆ 2012ರಲ್ಲಿ ಬಂದ ಐ7 3770 ಪ್ರೊಸೆಸರ್, ಅದೇ ಕಾಲದ ಬೋರ್ಡ್, ಪಕ್ಕದಲ್ಲಿ 2014ರ ಜಿಟಿ 730 ಕಾರ್ಡ್. ಯಾವುದೋ ಆಫೀಸಿನಲ್ಲಿ ದುಡಿದು ಹೊರಬಿದ್ದ ಭಾಗಗಳಿಗೆ ಹೊಸ ಕ್ಯಾಬಿನೆಟ್ ತೊಡಿಸಿದ್ದರು. ಅವನಿಗೆ ಬೇಕಿದ್ದದ್ದು ವ್ಯಾಲರಂಟ್. ವಿಂಡೋಸ್ 11ರಲ್ಲಿ ಆ ಆಟ ತೆರೆಯಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆಗಳು ಇರಲೇಬೇಕು. ಅವನ ಬೋರ್ಡಿನಲ್ಲಿ ಟಿಪಿಎಂ 2.0 ಇರಲಿಲ್ಲ. ವಿಂಡೋಸ್ 11ಕ್ಕಂತೂ ಇಂಟೆಲ್‌ನಲ್ಲಿ ಎಂಟನೇ ತಲೆಮಾರು, ಎಎಂಡಿಯಲ್ಲಿ ರೈಜೆನ್ 2000 ಸಾಲು, ಅಲ್ಲಿಂದ ಈಚಿನವೇ ಆಗಬೇಕು. ಹಳೆಯ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ಅದು ಐ7 ಹೌದು. ಯಾವ ಐ7 ಎಂದು ಇವನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಆದ್ದರಿಂದ ನನ್ನ ಮೊದಲ ಕೋರಿಕೆ: ಪೂರ್ತಿ ನಂಬರ್ ಕೇಳಿ, ಬರೆಸಿಕೊಳ್ಳಿ. ಐ3, ಐ5, ಐ7 ಎಂಬುದು ಮನೆತನದ ಹೆಸರು ಮಾತ್ರ. ಅದರ ಮುಂದಿನ ಅಂಕೆಗಳಲ್ಲಿ ವಯಸ್ಸು ಗೊತ್ತಾಗುತ್ತದೆ. 2022ರ ಐ3 12100ಎಫ್‌ನಲ್ಲಿ ನಾಲ್ಕೇ ಕೋರ್ ಇದ್ದರೂ ಅದು ಆ ಹಳೆಯ ಐ7ನ್ನು ಆಟದಲ್ಲಿ ಹಿಂದೆ ಹಾಕುತ್ತದೆ. ಕೊನೆಯಲ್ಲಿ ಬರುವ ಅಕ್ಷರವನ್ನೂ ಬಿಡಬೇಡಿ. ಇಂಟೆಲ್‌ನಲ್ಲಿ ಎಫ್ ಇದ್ದರೆ ಅದರೊಳಗೆ ಚಿತ್ರ ತೋರಿಸುವ ಶಕ್ತಿ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಲೇಬೇಕು. ಎಎಂಡಿಯ ರೈಜೆನ್ 5 5600ಕ್ಕೂ ಹಾಗೆಯೇ. ಅದೇ 5600ಜಿ ಆದರೆ ಒಳಗೇ ಗ್ರಾಫಿಕ್ಸ್ ಇದೆ. ಒಂದು ಅಕ್ಷರ ತಪ್ಪಿದರೆ ಎಲ್ಲ ಜೋಡಿಸಿ ಸ್ವಿಚ್ ಒತ್ತಿದ ಮೇಲೆ ಕಪ್ಪು ಪರದೆ ನೋಡುತ್ತ ಕೂರಬೇಕಾಗುತ್ತದೆ.

ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಒಂದೇ ಹೆಸರಿನಲ್ಲಿ ಎರಡು ಸಾಮಾನು ಮಾರುವುದೂ ಇದೆ. ಆರ್‌ಟಿಎಕ್ಸ್ 3050 ಎಂದರೆ 2022ರಲ್ಲಿ ಬಂದ 8 ಜಿಬಿಯದೂ ಹೌದು, 2024ರಲ್ಲಿ ಬಂದ 6 ಜಿಬಿಯದೂ ಹೌದು. ಎರಡನೆಯದರಲ್ಲಿ ಮೆಮೊರಿ ಮಾತ್ರ ಕಡಿಮೆಯಲ್ಲ, ಲೆಕ್ಕ ಮಾಡುವ ಕೋರ್‌ಗಳೇ 2560ರಿಂದ 2304ಕ್ಕೆ ಇಳಿದಿವೆ, ಮೆಮೊರಿಯ ದಾರಿ 128 ಬಿಟ್‌ನಿಂದ 96 ಬಿಟ್‌ಗೆ ಕಿರಿದಾಗಿದೆ. ಅದು ಕೆಟ್ಟ ಕಾರ್ಡ್ ಅಲ್ಲ. 70 ವಾಟ್‌ನಲ್ಲೇ ನಡೆಯುತ್ತದೆ, ಬೇರೆ ಪವರ್ ಕೇಬಲ್ ಕೇಳುವುದಿಲ್ಲ, ಅಣ್ಣನ ಹಳೆಯ ಆಫೀಸ್ ಕಂಪ್ಯೂಟರಿಗೆ ಜೀವ ತುಂಬಲು ಒಳ್ಳೆಯದೇ. 8 ಜಿಬಿಯ ಬೆಲೆ ಕೊಟ್ಟು ಅದನ್ನು ತರಬೇಡಿ, ಅಷ್ಟೆ. ಇನ್ನು ಜಿಟಿ 730 ಕಾರ್ಡಿನ ಡಬ್ಬಿಯ ಮೇಲೆ 4 ಜಿಬಿ ಎಂದು ದೊಡ್ಡದಾಗಿ ಬರೆದಿದ್ದರೂ ಅದನ್ನು ಗೇಮಿಂಗ್ ಕಾರ್ಡ್ ಎಂದು ಯಾರು ಕೊಟ್ಟರೂ ಕೈಮುಗಿದು ಎದ್ದುಬನ್ನಿ. ಇವತ್ತಿನ ಪ್ರೊಸೆಸರಿನ ಒಳಗಿರುವ ಗ್ರಾಫಿಕ್ಸೇ ಅದಕ್ಕಿಂತ ಮೇಲು.

ಹಾಗಾದರೆ ಏನು ಕೊಳ್ಳಬೇಕು ಎನ್ನುತ್ತೀರಿ. ಮೊದಲು ಏನು ಆಡುತ್ತೀರಿ ಎಂದು ನೀವು ನನಗೆ ಹೇಳಬೇಕು. ವ್ಯಾಲರಂಟ್, ಮೈನ್‌ಕ್ರಾಫ್ಟ್, ಜಿಟಿಎ 5, ಇಷ್ಟೇ ಆದರೆ, ಕೈ ಬಿಗಿಯಿದ್ದರೆ, ಈಗಲೇ ಕಾರ್ಡ್ ಬೇಡ. ಒಳಗೆ ಗ್ರಾಫಿಕ್ಸ್ ಇರುವ 5600ಜಿ ಅಥವಾ ಹೊಸ ಸಾಲಿನ 8600ಜಿ ತೆಗೆದುಕೊಂಡು, ಮುಂದೆ ಕಾರ್ಡ್ ಹಾಕಲು ಜಾಗ ಮತ್ತು ಶಕ್ತಿ ಇರುವಂತೆ ಬೋರ್ಡನ್ನೂ ಕರೆಂಟ್ ಕೊಡುವ ಡಬ್ಬಿ ಎಸ್‌ಎಂಪಿಎಸ್ ಅನ್ನೂ ಆರಿಸಿ. 5600ಜಿ ಕೂರುವ ಎಎಂ4 ಸಾಕೆಟ್ ಹಳೆಯದು, ಅಲ್ಲಿಂದ ಮೇಲಕ್ಕೆ ಹೋಗುವ ದಾರಿ ಕಡಿಮೆ, ಆದರೆ ಭಾಗಗಳು ಸೋವಿ. 8600ಜಿ ಕೂರುವ ಎಎಂ5 2022ರಲ್ಲಿ ಬಂತು, ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಖರ್ಚು ಹೆಚ್ಚು. ದೊಡ್ಡ ಆಟಗಳನ್ನು 1080ಪಿ ಪರದೆಯಲ್ಲಿ ಆಡಬೇಕೆಂದರೆ ರೈಜೆನ್ 5 5600 ಅಥವಾ ಐ5 12400ಎಫ್ ಜೊತೆ ಆರ್‌ಎಕ್ಸ್ 6600 ದರ್ಜೆಯ 8 ಜಿಬಿ ಕಾರ್ಡ್ ಸಾಕು. ಅಂಥ ಕಂಪ್ಯೂಟರಿನಲ್ಲಿ ಮಾನಿಟರ್ ಬಿಟ್ಟು ಉಳಿದ ಹಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಾರ್ಡಿಗೇ ಹೋಗುವುದು ಸರಿಯಾದ ಲೆಕ್ಕ. ಪ್ರೊಸೆಸರಿಗೆ ಕಾರ್ಡಿಗಿಂತ ಹೆಚ್ಚು ಸುರಿದ ಚೀಟಿ ನೋಡಿದರೆ ಅದನ್ನು ಆಟ ಆಡದವರು ಬರೆದಿದ್ದಾರೆ ಎಂದುಕೊಳ್ಳಿ.

ಬೆಲೆಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ, ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ಬದಲಾಗಿರುತ್ತವೆ. ಅದರಲ್ಲೂ ರ‍್ಯಾಮ್. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಸಗಟಾಗಿ ಎಳೆದುಕೊಂಡದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ಕೈಮೀರಿ ಏರಿತು. ನಮ್ಮಂಥವರು ವರ್ಷಗಟ್ಟಲೆ ನಂಬಿ ಕೊಳ್ಳುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಆ ಡಿಸೆಂಬರ್‌ನಲ್ಲಿ ಸಾರಿತು. ಇಂಥ ಹೊತ್ತಿನಲ್ಲಿ 32 ಜಿಬಿಯ ಆಸೆ ಬಿಡಿ, 16 ಸಾಕು. ಅದನ್ನು ಒಂದೇ ಪಟ್ಟಿಯಾಗಿ ಕೊಳ್ಳದೆ 8ರ ಎರಡು ಪಟ್ಟಿಯಾಗಿ ಕೊಳ್ಳಿ. ಎರಡಿದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಓದುತ್ತದೆ. ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಬಳಸುವುದರಿಂದ ಅಲ್ಲಿ ಇದರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಜೋಡಿಸಿದ ಮೇಲೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿಸಿ, ಇಲ್ಲದಿದ್ದರೆ 3200ರ ರ‍್ಯಾಮ್ 2400ರಲ್ಲೋ 2666ರಲ್ಲೋ ತೆವಳುತ್ತಿರುತ್ತದೆ.

ಇನ್ನು ಯಾವ ವಿಡಿಯೋದಲ್ಲೂ ನಮ್ಮ ಊರುಗಳಿಗೆಂದು ಹೇಳಿಕೊಡದ ವಿಷಯಕ್ಕೆ ಬರುತ್ತೇನೆ. ಇಲ್ಲಿ ತಾಳ್ಮೆಯಿಂದ ಓದಿ.

ನಮ್ಮಲ್ಲಿ ಕಂಪ್ಯೂಟರ್ ಸಾಯುವುದು ಹೆಚ್ಚಾಗಿ ಕರೆಂಟಿನಿಂದ. ನಿರಂತರ ಜ್ಯೋತಿ ಬಂದ ಮೇಲೆ ಊರೊಳಗಿನ ಮನೆಗಳ ಲೈನ್ ಪಂಪ್‌ಸೆಟ್ ಲೈನಿನಿಂದ ಬೇರೆಯಾಗಿದೆ. ಹೊಲದ ಮನೆಗಳಲ್ಲಿರುವ ನಿಮಗೆ ಮಾತ್ರ ಇನ್ನೂ ಅದೇ ಪಾಡು: ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ಮೋಟರ್‌ಗಳೆಲ್ಲ ಒಟ್ಟಿಗೆ ಎದ್ದು ಬಲ್ಬು ಮಂಕಾಗುತ್ತದೆ, ಅವು ನಿಂತಾಗ ವೋಲ್ಟೇಜ್ ಜಿಗಿಯುತ್ತದೆ. ಈ ಏಟನ್ನು ಮೊದಲು ತಿನ್ನುವುದು ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ, ಕೈಯಲ್ಲಿ ಹಿಡಿದರೆ ಹಗುರವಾಗಿರುವ "450 ವಾಟ್" ಡಬ್ಬಿಗಳು ಆ ಅಂಕೆಯನ್ನು ಸ್ಟಿಕರ್‌ನಲ್ಲಿ ಮಾತ್ರ ಹೊತ್ತಿರುತ್ತವೆ. ಹೊಸ ಕಾರ್ಡ್ ಭಾರ ಹಾಕಿದಾಗ ಅಂಥದೊಂದು ಸುಟ್ಟು, ಜೊತೆಗೆ ಬೋರ್ಡನ್ನೂ ಕರೆದುಕೊಂಡು ಹೋದದ್ದನ್ನು ನಾನು ಈ ಮೇಜಿನ ಮೇಲೇ ಕಂಡಿದ್ದೇನೆ. ಹೆಸರಿರುವ ಕಂಪನಿಯ, 80 ಪ್ಲಸ್ ಬ್ರಾಂಜ್ ಗುರುತಿರುವ, 500ರಿಂದ 550 ವಾಟ್‌ನ ಎಸ್‌ಎಂಪಿಎಸ್ ತೆಗೆದುಕೊಳ್ಳಿ. ಆ ಗುರುತು ಹೇಳುವುದು ಕರೆಂಟನ್ನು ಎಷ್ಟು ಪೋಲಾಗದಂತೆ ಬಳಸುತ್ತದೆ ಎಂಬುದನ್ನಷ್ಟೇ. ಅದರ ಜೊತೆಗೆ ಆಕ್ಟಿವ್ ಪಿಎಫ್‌ಸಿ ಇದೆಯೇ, 100ರಿಂದ 240 ವೋಲ್ಟ್‌ವರೆಗೆ ತಾಳುತ್ತದೆಯೇ, ಓವರ್ ವೋಲ್ಟೇಜ್ ಮತ್ತು ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆಯೇ ಎಂದು ಡಬ್ಬಿಯ ಮೇಲೆ ಓದಿ. ಬಣ್ಣದ ಫ್ಯಾನ್ ಬಿಟ್ಟರೆ ಈ ಹಣ ಹೊಂದುತ್ತದೆ. ಐದಾರು ವರ್ಷ ಬಿಟ್ಟು ಎಲ್ಲ ಭಾಗ ಬದಲಿಸಿದರೂ ಒಳ್ಳೆಯ ಎಸ್‌ಎಂಪಿಎಸ್ ಮುಂದಿನ ಕಂಪ್ಯೂಟರಿಗೂ ಬರುತ್ತದೆ.

ಯುಪಿಎಸ್ ಕೂಡ ನೋಡಿ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವಾಟ್ ಮಾತ್ರ. ಆಟದ ಮಧ್ಯೆ ಕರೆಂಟ್ ಹೋದಾಗ ಕಾರ್ಡ್ ಒಮ್ಮೆಲೇ ಎಳೆಯುವ ಭಾರಕ್ಕೆ ಅದು ಎಷ್ಟೋ ಸಲ ಕೂಗಿಕೊಂಡು ಆರಿಹೋಗುತ್ತದೆ. ಕಾರ್ಡ್ ಇದ್ದರೆ 1000 ವಿಎ ಇರಲಿ. ಮನೆಯಲ್ಲಿ ಸೈನ್ ವೇವ್ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಿ, ಬದಲಾಗುವ ಕ್ಷಣ ಚಿಕ್ಕದಾಗುತ್ತದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಗೇಮಿಂಗ್ ಕಂಪ್ಯೂಟರ್ ಕಟ್ಟಬೇಡಿ.

ಅರ್ತಿಂಗ್ ಬಗ್ಗೆ ನಾನು ಬೇಡಿಕೊಂಡೇ ಹೇಳಬೇಕು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಎಷ್ಟೋ ಮಂದಿ ನಗುತ್ತ ಹೇಳುತ್ತೀರಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸೋರುವ ಕರೆಂಟನ್ನು ಅರ್ತ್ ತಂತಿಗೆ ಬಿಡುತ್ತವೆ. ಅರ್ತ್ ಇಲ್ಲದ ಮನೆಯಲ್ಲಿ ಅದು ಕ್ಯಾಬಿನೆಟ್ ತಗಡಿನ ಮೇಲೆ ಬಂದು ನಿಲ್ಲುತ್ತದೆ. ಈ ಸೋರಿಕೆ ಚಿಕ್ಕದು, ಆದರೆ ಅದು ಕೊಡುವ ಸುದ್ದಿ ದೊಡ್ಡದು: ನಾಳೆ ನಿಜವಾದ ಶಾರ್ಟ್ ಆದರೆ ಆ ಕರೆಂಟಿಗೂ ನಿಮ್ಮ ಮೈಯೇ ದಾರಿ. ಮೂರನೇ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ಹಾಕಬೇಡಿ. ಊರಿನ ವೈರ್‌ಮನ್ ಕರೆದು ಗುಂಡಿ ತೋಡಿಸಿ, ಜಿಐ ಪೈಪ್ ಇಳಿಸಿ, ಇದ್ದಿಲು ಉಪ್ಪು ಪದರಪದರವಾಗಿ ತುಂಬಿಸಿ. ನಮ್ಮ ಮಸಾರಿ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ, ಆಗಾಗ ಒಂದು ಕೊಡ ನೀರು ಹಾಕಿ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಎರಡು ಮೂರು ವೋಲ್ಟ್ ದಾಟದಿದ್ದರೆ ನೆಮ್ಮದಿ.

ಕರೆಂಟಿನ ನಂತರ ಕಂಪ್ಯೂಟರಿನ ಎರಡನೆಯ ಶತ್ರು ಬಿಸಿಲು ಮತ್ತು ಧೂಳು. ಕೊಟ್ಟೂರು ತೇರು ಮುಗಿಯಿತೆಂದರೆ ಬಿಸಿಲು ಏರತೊಡಗುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ನಮಗೆ ಹೊಸದಲ್ಲ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಒಳಗಿನ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ತೀರಾ ಕಾದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ, ಆಟ ತಡವರಿಸುತ್ತದೆ, ನೀವು ಕಾರ್ಡ್ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಮುಂದೆ ಪೂರ್ತಿ ಗಾಜು ಮುಚ್ಚಿದ ಕ್ಯಾಬಿನೆಟ್ ನೋಡಲು ಚೆಂದ, ಆದರೆ ಅದಕ್ಕೆ ಉಸಿರಾಡಲು ದಾರಿಯಿಲ್ಲ. ಮುಂಭಾಗ ಜಾಲರಿ ಇರುವುದನ್ನೇ ಆರಿಸಿ, ಮುಂದಿನಿಂದ ಗಾಳಿ ಎಳೆಯಲು ಎರಡು ಫ್ಯಾನ್, ಹಿಂದೆ ಹೊರಗೆ ತಳ್ಳಲು ಒಂದು. ಜಾಲರಿಯ ಹಿಂದೆ ಬಿಚ್ಚಿ ತೊಳೆಯುವ ಫಿಲ್ಟರ್ ಇರಲೇಬೇಕು. ಊರಿನಲ್ಲಿ ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ಎದ್ದ ಹೊಟ್ಟು ಫ್ಯಾನ್ ರೆಕ್ಕೆಗಳ ಮೇಲೆ ಹೇಗೆ ಕೂರುತ್ತದೆ ಎಂದು ಬಿಚ್ಚಿ ನೋಡಿದವರಿಗೇ ಗೊತ್ತು.

ಕೋಣೆಯ ವಿಷಯವನ್ನೂ ಮನೆಯವರ ಜೊತೆ ಮಾತಾಡಿ. ಮೇಲಿನ ತಗಡಿನ ಕೋಣೆಯಲ್ಲಿ ಯಾರ ಕಾಟವೂ ಇರುವುದಿಲ್ಲವೆಂದು ಅಲ್ಲೇ ಕಂಪ್ಯೂಟರ್ ಇಡುತ್ತೀರಿ. ಮಧ್ಯಾಹ್ನ ಅಲ್ಲಿ ಮನುಷ್ಯರೇ ಕೂರಲಾಗದು. ಹಳೆಯ ಮಾಳಿಗೆ ಮನೆಯ ಒಳಕೋಣೆ ಇದ್ದರೆ ಅದಕ್ಕಿಂತ ತಂಪಾದ ಜಾಗ ಇಲ್ಲ. ಮೇಲಿನಿಂದ ಮಣ್ಣು ಉದುರುತ್ತದೆ, ಅದಕ್ಕೆ ಮೇಜಿನ ಮೇಲೊಂದು ಹಲಗೆ ಚಾವಣಿ ಮಾಡಿಸಿ, ಆಡದಾಗ ಬಟ್ಟೆ ಮುಚ್ಚಿ. ನೆಲದ ಮೇಲೆ ಮಾತ್ರ ಇಡಬೇಡಿ.

ಎಲ್ಲಿ ಕೊಳ್ಳಬೇಕು ಎಂದು ಕೇಳುತ್ತೀರಿ. ಹರಪನಹಳ್ಳಿಯವರು 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿದ್ದು, ಬಳ್ಳಾರಿಗೆ ಮರಳಿ, 2021ರಲ್ಲಿ ನಮ್ಮೆಲ್ಲರ ಜೊತೆ ವಿಜಯನಗರ ಜಿಲ್ಲೆಗೆ ಬಂದರೂ ಸಂತೆ ಮಾಡುವುದು ಇವತ್ತಿಗೂ ದಾವಣಗೆರೆಯಲ್ಲೇ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯವರಿಗೆ ಹೊಸಪೇಟೆ, ಹಡಗಲಿಯವರಿಗೆ ಹೊಸಪೇಟೆ ಅಥವಾ ಹುಬ್ಬಳ್ಳಿ. ಧೈರ್ಯವಿದ್ದವರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುತ್ತಾರೆ. ಎಲ್ಲಿಗಾದರೂ ಹೋಗಿ, ಆನ್‌ಲೈನ್‌ನಲ್ಲಾದರೂ ತರಿಸಿ, ಬಿಲ್ಲು ಮಾತ್ರ ಭಾಗ ಭಾಗವಾಗಿ ಇರಬೇಕು: ಪ್ರತಿ ಭಾಗದ ಪೂರ್ತಿ ಹೆಸರು, ಸೀರಿಯಲ್ ನಂಬರ್, ಶೇಕಡಾ 18 ಜಿಎಸ್‌ಟಿ ಸಮೇತ. ಬಿಲ್ಲು ಬೇಡವೆಂದರೆ ಸಾವಿರ ಎರಡು ಸಾವಿರ ಕಡಿಮೆ ಮಾಡುತ್ತೇವೆ ಎನ್ನುವ ಮಾತಿಗೆ ಸೋಲಬೇಡಿ. ಪ್ರೊಸೆಸರ್, ಬೋರ್ಡ್, ಕಾರ್ಡ್‌ಗಳಿಗೆ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ ಇರುತ್ತದೆ, ಆ ಮೂರು ವರ್ಷ ಎಣಿಸುವುದು ಆ ಕಾಗದದ ತಾರೀಕಿನಿಂದ. ಮೋಸವಾಯಿತು, ಅಂಗಡಿಯವರು ಮಾತು ಕೇಳುತ್ತಿಲ್ಲ ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಮೊದಲು ಕೇಳುವುದು ಬಿಲ್ಲನ್ನೇ.

ಹಣ ಕೊಡುವ ಮೊದಲು ಅಂಗಡಿಯಲ್ಲೇ ಚಾಲೂ ಮಾಡಿಸಿ, ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್, ರ‍್ಯಾಮ್, ಕಾರ್ಡಿನ ಹೆಸರು ಬಿಲ್ಲಿನ ಜೊತೆ ಹೋಲಿಸಿ. ಸಿಪಿಯು-ಝಡ್, ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶಗಳು ಇನ್ನೂ ಆಳಕ್ಕೆ ತೋರಿಸುತ್ತವೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ ಅಲ್ಲೇ ಕೂತು ಅರ್ಧ ಗಂಟೆ ಆಟ ಓಡಿಸಿ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ ನಿಂತ ಮೇಲೆ ಹಗಲು ರಾತ್ರಿ ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು, ಇನ್ನೂ ಕೈ ಬದಲಾಗುತ್ತಲೇ ಇವೆ. ಬಸ್ಸಿನಲ್ಲಿ ತರುವಾಗ ಕಾರ್ಡನ್ನು ಬಿಚ್ಚಿ ಅದರ ಡಬ್ಬಿಯಲ್ಲೇ ತನ್ನಿ, ಹಿಂದಿನ ಸೀಟಿನ ಕುಲುಕಾಟಕ್ಕೆ ಬೋರ್ಡಿನ ಸ್ಲಾಟ್ ಬಿರುಕು ಬಿಟ್ಟದ್ದಿದೆ.

ನಿಮ್ಮ ಅಪ್ಪ ಅವ್ವಂದಿರಿಗೂ ಈ ಪತ್ರ ಓದಿ ಹೇಳಿ ಎಂದು ಕೇಳಿಕೊಳ್ಳುತ್ತೇನೆ. ಗೇಮ್ ಎಂದ ಕೂಡಲೇ ಅವರಿಗೆ ನೆನಪಾಗುವುದು ಆನ್‌ಲೈನ್ ರಮ್ಮಿಯಲ್ಲಿ ಹಣ ಕಳೆದುಕೊಂಡವರ ಮನೆಗಳು. ಆ ಭಯ ಸುಳ್ಳಲ್ಲ, ಅದಕ್ಕೆ ಎದುರು ಮಾತಾಡಬೇಡಿ. ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ, ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿದೆ ಎಂದು ಸಮಾಧಾನದಿಂದ ಹೇಳಿ. ನೀವು ಕಟ್ಟಿಸುವ ಈ ಕಂಪ್ಯೂಟರಿನಲ್ಲೇ ಮದುವೆ ವಿಡಿಯೋ ಎಡಿಟ್ ಮಾಡಬಹುದು, ಡಾವಿಂಚಿ ರಿಸಾಲ್ವ್ ಮತ್ತು ಬ್ಲೆಂಡರ್ ಎರಡೂ ಉಚಿತ. ನಮ್ಮ ತಾಲೂಕುಗಳ ಸ್ಟುಡಿಯೋಗಳಲ್ಲಿ ಆಲ್ಬಮ್ ಡಿಸೈನ್ ಮಾಡಿ ತಿಂಗಳ ಖರ್ಚು ನೀಗಿಸಿಕೊಳ್ಳುವ ಹುಡುಗರನ್ನು ನಾನು ಬಲ್ಲೆ. ಆದರೆ ಓದಿಗಾಗಿ ಎಂದು ಸುಳ್ಳು ಹೇಳಿ ಹಣ ಕೇಳಬೇಡಿ. ಆಡುತ್ತೇನೆ, ಇಷ್ಟು ಹೊತ್ತು ಆಡುತ್ತೇನೆ, ಉಳಿದ ಹೊತ್ತು ಇದನ್ನು ಕಲಿಯುತ್ತೇನೆ ಎಂದು ನೇರವಾಗಿ ಕೇಳಿ. ಮತ್ತು ತಮ್ಮಂದಿರೇ, ಮನೆಯಲ್ಲಿ ಅಕ್ಕನೋ ತಂಗಿಯೋ ಇದ್ದರೆ ಅವರಿಗೂ ಆ ಕುರ್ಚಿಯಲ್ಲಿ ಸಮನಾದ ಹೊತ್ತು ಇರಲಿ. ಮನೆಯ ಬೆಳೆಯ ದುಡ್ಡಿನಲ್ಲಿ ಬಂದದ್ದು, ಆ ಬೆಳೆಗೆ ಕಳೆ ತೆಗೆಯಲು ಅವರೂ ಹೋಗಿದ್ದರು.

ಕೊಳ್ಳುವ ಮೊದಲು ಒಂದು ಹಾಳೆಯ ಮೇಲೆ ಎಂಟೂ ಭಾಗಗಳನ್ನು ಬರೆಯಿರಿ: ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಕಾರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್. ಪ್ರತಿಯೊಂದರ ಮುಂದೆ ಪೂರ್ತಿ ನಂಬರ್. ಆ ಹಾಳೆಯನ್ನು ನಿಮ್ಮ ಊರಿನಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸುವವರು ಯಾರಿದ್ದಾರೋ ಅವರಿಗೆ ಒಮ್ಮೆ ತೋರಿಸಿ. ನನ್ನ ಬಳಿ ತಂದರೂ ಸರಿ, ನನ್ನಿಂದಲೇ ಕೊಳ್ಳಬೇಕೆಂದಿಲ್ಲ, ಓದಿ ಹೇಳಲು ದುಡ್ಡೂ ಬೇಡ. ಹಾಳೆಯ ಕೆಳಗೆ ಒಂಬತ್ತನೆಯದಾಗಿ ಅರ್ತಿಂಗ್ ಎಂದು ಬರೆದು, ವೈರ್‌ಮನ್ ಬರುವ ದಿನವನ್ನೂ ಗುರುತು ಹಾಕಿ ತನ್ನಿ.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮ ಸೀಮೆಯ ಒಬ್ಬ ಕಂಪ್ಯೂಟರ್ ರಿಪೇರಿಗಾರ
ಕೊಟ್ಟೂರು, ವಿಜಯನಗರ ಜಿಲ್ಲೆ